ಭಯಾನಕ ರಸ ಮತ್ತು ಕತ್ತಲೆ: ಚಲನಚಿತ್ರ, ವಿಡಿಯೋ ಗೇಮ್ ಹಾಗೂ ಕೊಡಗಿನ ಇರುಳು

ಭರತನ ನಾಟ್ಯಶಾಸ್ತ್ರವು ಭಯಾನಕ ರಸಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಹೇಳುತ್ತದೆ. ಅದರ ವಿಭಾವಗಳನ್ನು ಎಣಿಸುವಾಗ ವಿಕಾರವಾದ ಧ್ವನಿ, ಭೂತದರ್ಶನ, ನರಿ-ಗೂಬೆಗಳಿಂದಾಗುವ ಅಂಜಿಕೆ, ಬರಿದಾದ ಮನೆ, ಅರಣ್ಯ ಮೊದಲಾದವನ್ನು ಹೆಸರಿಸುತ್ತದೆ. ಈ ಪಟ್ಟಿಯು ಧ್ವನಿಯಿಂದ ಆರಂಭವಾಗುವುದು ಗಮನಾರ್ಹ. ಕಣ್ಣು ಸೋತಲ್ಲಿ ಕಿವಿ ಚುರುಕಾಗುತ್ತದೆ. ಕಾಣದುದನ್ನು ಮನಸ್ಸು ಕಲ್ಪಿಸಿಕೊಳ್ಳುತ್ತದೆ. ಆಧುನಿಕ ದೃಶ್ಯಮಾಧ್ಯಮಗಳು ಕತ್ತಲೆಯನ್ನು ದುಡಿಸಿಕೊಂಡಿರುವುದು ಈ ನೆಲೆಯಲ್ಲಿಯೇ. ಆದರೆ ಕತ್ತಲೆಯ ಅರ್ಥವು ದೀಪ ಯಾರ ಕೈಯಲ್ಲಿದೆ ಎಂಬುದನ್ನು ಅವಲಂಬಿಸಿ ಬದಲಾಗುತ್ತದೆ. ಈ ಬದಲಾವಣೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಲನಚಿತ್ರದಲ್ಲಿ ದೀಪ ನಿರ್ದೇಶಕನ ಕೈಯಲ್ಲಿರುತ್ತದೆ. ಅಲ್ಪ ವೆಚ್ಚದಲ್ಲಿ ತಯಾರಾದ ‘ಕ್ಯಾಟ್ ಪೀಪಲ್’ (1942) ಮೃಗವನ್ನು ಬಹುಮಟ್ಟಿಗೆ ನೆರಳಿನಲ್ಲಿಯೇ ಉಳಿಸಿ, ತೋರದೆ ಹೆದರಿಸುವ ಮಾರ್ಗವನ್ನು ಗಟ್ಟಿಗೊಳಿಸಿತು. ಮಲಯಾಳಂನ ‘ಮಣಿಚಿತ್ರತ್ತಾಳ್’ (1993) ಚಿತ್ರವನ್ನು ಆಧರಿಸಿದ ಪಿ. ವಾಸು ಅವರ ‘ಆಪ್ತಮಿತ್ರ’ದಲ್ಲಿ (2004) ಬೀಗ ಜಡಿದ ಕೋಣೆಯ ಕತ್ತಲೆಯು ಕೊನೆಗೆ ಮನಸ್ಸಿನ ಕತ್ತಲೆಯಾಗಿ ವಿವರಣೆ ಪಡೆಯುತ್ತದೆ. ಅನೂಪ್ ಭಂಡಾರಿ ಅವರ ‘ರಂಗಿತರಂಗ’ದಲ್ಲಿ (2015) ಬ್ರಹ್ಮರಾಕ್ಷಸನ ಭೀತಿಯ ಹಿಂದೆ ಮನುಷ್ಯನೇ ಇರುತ್ತಾನೆ. ಕೆ. ಎಸ್. ಅಶೋಕ ಅವರ ‘6-5=2’ (2013) ಚಿತ್ರವಾದರೋ ಚಾರಣಿಗರ ಕ್ಯಾಮೆರಾದಲ್ಲಿ ದಾಖಲಾದ ದೃಶ್ಯಗಳೆಂಬ ಭ್ರಮೆಯ ಮೇಲೆ ನಿಂತಿದೆ. ಇಲ್ಲಿ ನೋಟವು ಪಾತ್ರದ ಕೈಗೆ ಬಂದಿದೆ. ಪ್ರೇಕ್ಷಕನ ಕೈಗಿನ್ನೂ ಬಂದಿಲ್ಲ.

ಆ ಕೊನೆಯ ಹೆಜ್ಜೆಯನ್ನು ಇಟ್ಟದ್ದು ವಿಡಿಯೋ ಗೇಮ್. ‘ಸೈಲೆಂಟ್ ಹಿಲ್’ (1999) ತನ್ನ ಯಂತ್ರದ ಚಿತ್ರಣಶಕ್ತಿಯ ಮಿತಿಯನ್ನು ಮಂಜು ಮತ್ತು ಕತ್ತಲೆಗಳಿಂದ ಮುಚ್ಚಿತು. ಆಟಗಾರನ ಕೈಗೆ ಟಾರ್ಚನ್ನೂ, ಅಪಾಯ ಸಮೀಪಿಸಿದಾಗ ಗೊರಗುಟ್ಟುವ ರೇಡಿಯೋವನ್ನೂ ಕೊಟ್ಟಿತು. ‘ಡೂಮ್ 3’ (2004) ಆಟದಲ್ಲಿ ಟಾರ್ಚು ಮತ್ತು ಬಂದೂಕನ್ನು ಒಟ್ಟಿಗೆ ಹಿಡಿಯುವಂತಿರಲಿಲ್ಲ. ನೋಡಬೇಕೆಂದರೆ ನಿರಾಯುಧನಾಗಬೇಕು. 2012ರ ಪರಿಷ್ಕೃತ ಆವೃತ್ತಿಯಲ್ಲಿ ಈ ನಿರ್ಬಂಧವನ್ನು ತೆಗೆಯಲಾಯಿತು. ‘ಅಮ್ನೀಸಿಯಾ: ದ ಡಾರ್ಕ್ ಡಿಸೆಂಟ್’ (2010) ಆಟದಲ್ಲಿ ಕತ್ತಲೆಯಲ್ಲಿ ನಿಂತರೆ ಪಾತ್ರದ ಬುದ್ಧಿಸ್ಥಿಮಿತ ಕೆಡುತ್ತದೆ, ಬೆಳಕಿನಲ್ಲಿ ನಿಂತರೆ ಶತ್ರುವಿನ ಕಣ್ಣಿಗೆ ಬೀಳಬೇಕಾಗುತ್ತದೆ, ಲಾಂದ್ರದ ಎಣ್ಣೆಯೂ ಮಿತವಾದುದು. ದೀಪ ಕೈಗೆ ಬಂದೊಡನೆ ಭಯ ಅಳಿಯದೆ, ಆಯ್ಕೆಯ ಹೊಣೆಯಾಗಿ ರೂಪಾಂತರಗೊಳ್ಳುತ್ತದೆ.

ಈ ಎರಡೂ ಮಾಧ್ಯಮಗಳಿಗಿಂತ ಭಿನ್ನವಾದ ಕತ್ತಲೆಯೊಂದು ಕೊಡಗಿನ ಆಚರಣೆಗಳಲ್ಲಿದೆ. ಪುತ್ತರಿಯ ಇರುಳಿನಲ್ಲಿ ಐನ್‌ಮನೆಯ ಕುಟುಂಬದವರೆಲ್ಲ ದೀಪ ಹಿಡಿದು ಗದ್ದೆಗಿಳಿದು ಕದಿರು ಕೊಯ್ಯುತ್ತಾರೆ. ತೆರೆಗಳಲ್ಲಿ ಪಂಜಿನ ಬೆಳಕಿನಲ್ಲಿ ದೈವದ ಬಣ್ಣದ ಮುಖ ಕತ್ತಲೆಯಿಂದ ಮೂಡಿ ಮತ್ತೆ ಕತ್ತಲೆಗೆ ಸರಿಯುತ್ತದೆ. ನೆರೆದವರಲ್ಲಿ ಅಂಜಿಕೆ ಇದ್ದೇ ಇದೆ. ಆದರೆ ಅಂಜಿಸುವ ಆ ಶಕ್ತಿಯೊಡನೆ ಅವರು ಮಾತನಾಡುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ, ಅಭಯ ಪಡೆಯುತ್ತಾರೆ. ಇಲ್ಲಿ ದೀಪವಿರುವುದು ಸಮುದಾಯದ ಕೈಯಲ್ಲಿ.

ಮೇಲಿನ ಚಿತ್ರಗಳಲ್ಲಿ ಕತ್ತಲೆಯೊಳಗಿನದಕ್ಕೆ ಹೆಚ್ಚಾಗಿ ವಿವರಣೆ ದೊರೆಯುತ್ತದೆ. ಆಟಗಳಲ್ಲಿ ಅದನ್ನು ಕೊಲ್ಲಬೇಕು ಅಥವಾ ಅದರಿಂದ ಓಡಬೇಕು. ತೆರೆಯಲ್ಲಿ ಮಾತ್ರ ಅದು ಸಂವಾದಕ್ಕೆ ಒದಗುತ್ತದೆ. ನೆರೆಯ ತುಳುನಾಡಿನ ಭೂತಕೋಲವನ್ನು ತೆರೆಗೆ ತಂದ ರಿಷಬ್ ಶೆಟ್ಟಿ ಅವರ ‘ಕಾಂತಾರ’ (2022) ಈ ಸಂವಾದದ ಶಕ್ತಿಯನ್ನು ಸಿನಿಮಾ ಭಾಷೆಗೆ ಒಗ್ಗಿಸಬಹುದೆಂಬುದನ್ನು ತೋರಿಸಿತು. ಆದರೆ ದೈವದ ವೇಷ ಮತ್ತು ಕೂಗನ್ನಷ್ಟೇ ಎರವಲು ಪಡೆದು ಅದರ ಮಾತನ್ನು ಕೈಬಿಟ್ಟರೆ, ಉಳಿಯುವುದು ಬೆದರಿಕೆ ಮಾತ್ರ. ಒಂದು ಸಮುದಾಯದ ನಂಬಿಕೆಯು ಕೇವಲ ಬೆಚ್ಚುಬೊಂಬೆಯಾಗುತ್ತದೆ.

ಕನ್ನಡ ವಿಮರ್ಶೆಯು ಭಯಾನಕವನ್ನು ಅಗ್ಗದ ರಂಜನೆಯೆಂದು ಬದಿಗೆ ಸರಿಸದೆ, ರಸಮೀಮಾಂಸೆ ಹಾಗೂ ಜಾನಪದ ಅಧ್ಯಯನಗಳ ನೆರವಿನಿಂದ ಈ ಹೊಸ ಪಠ್ಯಗಳನ್ನು ಓದಬೇಕಾಗಿದೆ. ಆಗ ಕತ್ತಲೆಯಲ್ಲಿ ಏನಿದೆ ಎಂಬ ಪ್ರಶ್ನೆಯೊಡನೆ, ಅದು ಏನು ಹೇಳುತ್ತಿದೆ ಎಂಬ ಪ್ರಶ್ನೆಯನ್ನೂ ಕೇಳಲು ಸಾಧ್ಯವಾದೀತು.