ಕುಟುಂಬ ವೀಸಾ: ಸ್ಥಳೀಯ ಸಂಸ್ಥೆಗಳಿಂದ ಪಡೆಯಬೇಕಾದ ಪ್ರಮಾಣಪತ್ರಗಳು

ಉದ್ಯೋಗದ ನಿಮಿತ್ತ ವಿದೇಶದಲ್ಲಿ ನೆಲೆಸಿದವರು ತಮ್ಮ ಪತ್ನಿ ಅಥವಾ ಪತಿಯನ್ನೂ ಮಕ್ಕಳನ್ನೂ ಅಲ್ಲಿಗೆ ಕರೆಸಿಕೊಳ್ಳಲು ಕುಟುಂಬ ವೀಸಾ ಪಡೆಯುವುದು ಅವಶ್ಯಕ. ಈ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಗೆ ಅರ್ಜಿದಾರರ ಪರಿಚಯವಿರುವುದಿಲ್ಲ. ಹೆಸರಿಸಲ್ಪಟ್ಟವರು ನಿಜವಾಗಿಯೂ ಒಂದೇ ಕುಟುಂಬಕ್ಕೆ ಸೇರಿದವರೇ ಎಂಬುದನ್ನು ಅವರು ಕಾಗದಪತ್ರಗಳಿಂದಲೇ ನಿರ್ಧರಿಸುತ್ತಾರೆ. ಪತ್ರಗಳಲ್ಲಿ ಕೊರತೆಯಿದ್ದರೆ ದಂಪತಿಗಳು ತಿಂಗಳುಗಟ್ಟಲೆ ಅಗಲಿರಬೇಕಾಗುತ್ತದೆ. ಮಕ್ಕಳ ಶಾಲಾ ಪ್ರವೇಶದ ಕಾಲವೂ ಮೀರಿಹೋಗುತ್ತದೆ. ಆದುದರಿಂದ ಸೂಕ್ತ ಪ್ರಮಾಣಪತ್ರಗಳನ್ನು ಮುಂಚಿತವಾಗಿ ಪಡೆದಿರುವುದು ಹಿತಕರ.

ಒಂದೇ ಪತ್ರ ಸಾಲದು

ಜಪಾನ್, ಇಟಲಿ ಮೊದಲಾದ ದೇಶಗಳಲ್ಲಿ ಕುಟುಂಬದ ಸದಸ್ಯರೆಲ್ಲರ ವಿವರಗಳು ಸ್ಥಳೀಯ ಆಡಳಿತದ ದಾಖಲೆಯಲ್ಲಿ ಒಟ್ಟಾಗಿ ಇರುತ್ತವೆ. ಅದರ ನಕಲೇ ಕುಟುಂಬದ ಪ್ರಮಾಣಪತ್ರ. ನಮ್ಮ ದೇಶದಲ್ಲಿ ಇದೇ ಬಗೆಯ ಏಕ ದಾಖಲೆಯಿಲ್ಲ. ಪಡಿತರ ಚೀಟಿಯಲ್ಲಿ ಮನೆಯವರೆಲ್ಲರ ಹೆಸರುಗಳಿದ್ದರೂ ಅದನ್ನು ಗುರುತಿನ ಅಥವಾ ವಾಸಸ್ಥಳದ ಪುರಾವೆಯಾಗಿ ಬಳಸುವಂತಿಲ್ಲವೆಂದು 2015ರ ಪಡಿತರ ವಿತರಣಾ ನಿಯಂತ್ರಣ ಆದೇಶ ತಿಳಿಸುತ್ತದೆ. ಕರ್ನಾಟಕದಲ್ಲಿ ಕಂದಾಯ ಇಲಾಖೆ ನೀಡುವ ವಂಶವೃಕ್ಷ ದೃಢೀಕರಣವು ಮುಖ್ಯವಾಗಿ ಆಸ್ತಿ ಹಾಗೂ ಉತ್ತರಾಧಿಕಾರದ ವಿಷಯಗಳಲ್ಲಿ ಬಳಕೆಯಾಗುತ್ತದೆ. ದೂತಾವಾಸವು ಕೇಳಿದಲ್ಲಿ ಅದನ್ನು ಹೆಚ್ಚುವರಿಯಾಗಿ ಒದಗಿಸಬಹುದು. ಪತಿ ಪತ್ನಿಯರ ಸಂಬಂಧಕ್ಕೆ ವಿವಾಹ ನೋಂದಣಿ ಪತ್ರ, ತಂದೆತಾಯಿ ಮತ್ತು ಮಕ್ಕಳ ಸಂಬಂಧಕ್ಕೆ ಜನನ ಪ್ರಮಾಣಪತ್ರ - ಇವೆರಡೇ ಮೂಲಾಧಾರಗಳು.

ಜನನ ಪ್ರಮಾಣಪತ್ರ

1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ಜನನವು ನೋಂದಣಿಯಾಗುವುದು ಅದು ಸಂಭವಿಸಿದ ಸ್ಥಳದಲ್ಲಿ; ತಂದೆತಾಯಿ ವಾಸಿಸುವ ಸ್ಥಳದಲ್ಲಿ ಅಲ್ಲ. ಹೊರನಾಡ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಪುಣೆಯಲ್ಲಿ ವಾಸಿಸುವ ಗೃಹಿಣಿಯೊಬ್ಬರು ಚೊಚ್ಚಲ ಹೆರಿಗೆಗಾಗಿ ಧಾರವಾಡದ ತವರುಮನೆಗೆ ಹೋಗಿದ್ದರೆನ್ನೋಣ. ಮಗುವಿನ ಪ್ರಮಾಣಪತ್ರ ದೊರೆಯುವುದು ಧಾರವಾಡದ ನೋಂದಣಾಧಿಕಾರಿಯಿಂದಲೇ ಹೊರತು ಪುಣೆಯ ಪಾಲಿಕೆಯಿಂದಲ್ಲ.

ಜನನದ ಮಾಹಿತಿಯನ್ನು 21 ದಿನಗಳೊಳಗೆ ನೀಡತಕ್ಕದ್ದು. ತರುವಾಯ 30 ದಿನಗಳವರೆಗೆ ವಿಳಂಬ ಶುಲ್ಕದೊಡನೆ ನೋಂದಾಯಿಸಬಹುದು. 30 ದಿನ ಕಳೆದು ಒಂದು ವರ್ಷದೊಳಗಾದರೆ ಜಿಲ್ಲಾ ರಿಜಿಸ್ಟ್ರಾರರ ಅಥವಾ ಗೊತ್ತುಪಡಿಸಿದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ಮೀರಿದ ಪ್ರಕರಣಗಳಲ್ಲಿ ಹಿಂದೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತಿತ್ತು. 2023ರ ತಿದ್ದುಪಡಿಯ ಅನಂತರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಅಗತ್ಯ.

ಮಗುವಿಗೆ ನಾಮಕರಣವಾಗುವ ಮೊದಲೇ ನೋಂದಣಿಯಾಗಿದ್ದರೆ ಪ್ರಮಾಣಪತ್ರದಲ್ಲಿ ಹೆಸರಿನ ಸ್ಥಳ ಖಾಲಿ ಇರುತ್ತದೆ. ಇಂಥ ಪತ್ರ ವೀಸಾಕ್ಕೆ ಉಪಯೋಗವಾಗದು. ನೋಂದಣಿಯಾದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ವಿಳಂಬ ಶುಲ್ಕ ಸಲ್ಲಿಸಿ, ಸಾಮಾನ್ಯವಾಗಿ 15 ವರ್ಷಗಳವರೆಗೆ, ಸೇರಿಸಲು ಅವಕಾಶವಿದೆ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಜನಿಸಿದವರಿಗೆ ಪಾಸ್‌ಪೋರ್ಟಿನಲ್ಲಿಯೂ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೇ ಬೇಕು.

ವಿವಾಹ ನೋಂದಣಿ

ಲಗ್ನಪತ್ರಿಕೆ, ಛಾಯಾಚಿತ್ರ ಅಥವಾ ಕಲ್ಯಾಣ ಮಂಟಪದ ರಶೀದಿಯು ನೋಂದಣಿ ಪತ್ರಕ್ಕೆ ಬದಲಾಗಲಾರದು. 2016ರಿಂದ ಪಾಸ್‌ಪೋರ್ಟಿಗೆ ವಿವಾಹ ಪ್ರಮಾಣಪತ್ರ ಕಡ್ಡಾಯವಾಗಿಲ್ಲದ ಕಾರಣ ಅನೇಕರು ನೋಂದಣಿಯನ್ನು ಮುಂದೂಡುತ್ತಾರೆ. ವೀಸಾ ಅರ್ಜಿಯ ವೇಳೆಗೆ ತೊಂದರೆಗೀಡಾಗುತ್ತಾರೆ. ಎಲ್ಲ ಧರ್ಮದವರ ವಿವಾಹಗಳೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ನಿರ್ದೇಶಿಸಿದೆ.

ಹಿಂದೂ ಪದ್ಧತಿಯಂತೆ ನಡೆದ ವಿವಾಹವನ್ನು 1955ರ ಹಿಂದೂ ವಿವಾಹ ಅಧಿನಿಯಮದನ್ವಯ ನೋಂದಾಯಿಸಬಹುದು. ಮಹಾರಾಷ್ಟ್ರದಲ್ಲಿ 1998ರ, ತಮಿಳುನಾಡಿನಲ್ಲಿ 2009ರ ಪ್ರತ್ಯೇಕ ನೋಂದಣಿ ಕಾಯಿದೆಗಳಿವೆ. ಯಾವುದೇ ಧರ್ಮವಿಧಿಯಂತೆ ಈಗಾಗಲೇ ನಡೆದ ವಿವಾಹವನ್ನು 1954ರ ವಿಶೇಷ ವಿವಾಹ ಅಧಿನಿಯಮದಡಿ ನೋಂದಾಯಿಸಲೂ ಅವಕಾಶವಿದೆ. ಆದರೆ ಇದಕ್ಕೆ ಆಕ್ಷೇಪಣೆಗಳಿಗಾಗಿ 30 ದಿನಗಳ ಸಾರ್ವಜನಿಕ ಪ್ರಕಟಣೆಯಾಗಬೇಕು. ಅಲ್ಪಾವಧಿಯ ರಜೆಯಲ್ಲಿ ಬರುವವರು ಈ ಕಾಲಾವಧಿಯನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು. ಯಾವ ಕಚೇರಿ, ಯಾವ ಸಾಕ್ಷಿಗಳು ಎಂಬುದನ್ನು ಆಯಾ ರಾಜ್ಯದ ನಿಯಮಗಳಿಂದ ತಿಳಿಯಬೇಕು.

ಹೆಸರುಗಳಲ್ಲಿ ಏಕರೂಪತೆ

ಕನ್ನಡಿಗರ ಹೆಸರುಗಳಲ್ಲಿ ಊರಿನ ಮತ್ತು ತಂದೆಯ ಹೆಸರುಗಳು ಅನೇಕ ವೇಳೆ ಇನಿಷಿಯಲ್‌ಗಳಾಗಿ ಮಾತ್ರ ಬರುತ್ತವೆ. ಪಾಸ್‌ಪೋರ್ಟಿನಲ್ಲಿ ಅವು ವಿಸ್ತರಿಸಲ್ಪಟ್ಟಿರುತ್ತವೆ. ಮಹಾರಾಷ್ಟ್ರದಲ್ಲಿ ಬೆಳೆದ ಮಕ್ಕಳ ಹೆಸರಿಗೆ ತಂದೆಯ ಹೆಸರು ಮತ್ತು ಅಡ್ಡಹೆಸರು ಸೇರುತ್ತವೆ. ವಿವಾಹಾನಂತರ ಮಹಿಳೆಯ ಹೆಸರು ಬದಲಾಗಿರುವುದೂ ಉಂಟು. ಹೀಗಾಗಿ ಒಬ್ಬರೇ ವ್ಯಕ್ತಿ ಮೂರು ಪತ್ರಗಳಲ್ಲಿ ಮೂವರಂತೆ ಕಾಣುವ ಸಂಭವವಿದೆ. ಜನನ ದಾಖಲೆಯ ತಪ್ಪನ್ನು ಅಧಿನಿಯಮದ 15ನೆಯ ಪ್ರಕರಣದನ್ವಯ ನೋಂದಣಾಧಿಕಾರಿಯೇ ತಿದ್ದಬಹುದು. ಮೂಲ ಬರಹವನ್ನು ಅಳಿಸದೆ ಅಂಚಿನಲ್ಲಿ ತಿದ್ದುಪಡಿಯನ್ನು ನಮೂದಿಸಲಾಗುತ್ತದೆ. ಪ್ರಮಾಣಪತ್ರದ ಮೇಲೆ ಅರ್ಜಿದಾರರು ತಾವೇ ಏನನ್ನೂ ತಿದ್ದಕೂಡದು.

ದೃಢೀಕರಣ

ಪ್ರಮಾಣಪತ್ರವು ವಿದೇಶದಲ್ಲಿ ಮಾನ್ಯವಾಗಲು ಮೊದಲು ಅದನ್ನು ನೀಡಿದ ರಾಜ್ಯದ ನಿಯೋಜಿತ ಅಧಿಕಾರಿ, ಆಮೇಲೆ ಕೇಂದ್ರ ವಿದೇಶಾಂಗ ಸಚಿವಾಲಯವು ದೃಢೀಕರಿಸಬೇಕು. ಧಾರವಾಡದ ಪತ್ರವನ್ನು ಕರ್ನಾಟಕದ ಅಧಿಕಾರಿಯೂ, ಮುಂಬಯಿಯ ಪತ್ರವನ್ನು ಮಹಾರಾಷ್ಟ್ರದ ಅಧಿಕಾರಿಯೂ ದೃಢೀಕರಿಸತಕ್ಕದ್ದು. ಸಚಿವಾಲಯದ ಈ ಸೇವೆ 2019ರ ಜನವರಿ 1ರಿಂದ ದೆಹಲಿಯಲ್ಲದೆ ಬೆಂಗಳೂರು, ಮುಂಬಯಿ, ಚೆನ್ನೈ, ಹೈದರಾಬಾದ್ ಮುಂತಾದ ನಗರಗಳಿಗೂ ವಿಸ್ತರಿಸಿದೆ.

1961ರ ಹೇಗ್ ಒಪ್ಪಂದದ ಸದಸ್ಯ ರಾಷ್ಟ್ರಗಳಿಗೆ ‘ಅಪೊಸ್ಟಿಲ್’ ಎಂಬ ಒಂದೇ ದೃಢೀಕರಣ ಸಾಮಾನ್ಯವಾಗಿ ಸಾಕು. ಭಾರತದಲ್ಲಿ ಈ ಒಪ್ಪಂದ 2005ರ ಜುಲೈ 14ರಂದು ಜಾರಿಗೆ ಬಂದಿತು. ಸದಸ್ಯರಲ್ಲದ ರಾಷ್ಟ್ರಗಳಿಗೆ ಸಚಿವಾಲಯದ ಮುದ್ರೆಯ ನಂತರ ಆ ದೇಶದ ದೂತಾವಾಸದ ದೃಢೀಕರಣವೂ ಬೇಕಾಗುತ್ತದೆ. ಓಮನ್ 2012ರಲ್ಲಿ, ಬಹರೇನ್ 2013ರಲ್ಲಿ, ಸೌದಿ ಅರೇಬಿಯ 2022ರಲ್ಲಿ ಒಪ್ಪಂದದ ವ್ಯಾಪ್ತಿಗೆ ಬಂದವು. ಸದಸ್ಯರ ಪಟ್ಟಿ ಹೀಗೆ ಬೆಳೆಯುತ್ತಿರುವುದರಿಂದ ಪರಿಚಿತರ ಹಳೆಯ ಅನುಭವವನ್ನು ನಂಬದೆ ಸಂಬಂಧಿಸಿದ ದೂತಾವಾಸವನ್ನು ವಿಚಾರಿಸುವುದು ಉತ್ತಮ.

ನೆನಪಿಡಬೇಕಾದ ಅಂಶಗಳು

1. ಮೊದಲು ಆಯಾ ದೇಶದ ದೂತಾವಾಸದಿಂದ ಬೇಕಾದ ಪತ್ರಗಳ ಪಟ್ಟಿಯನ್ನು ಪಡೆಯಿರಿ.
2. ಪ್ರತಿಯೊಂದು ಪತ್ರದ ಹೆಸರು, ದಿನಾಂಕಗಳನ್ನು ಪಾಸ್‌ಪೋರ್ಟಿನೊಂದಿಗೆ ಹೋಲಿಸಿ ನೋಡಿ. ದೋಷವಿದ್ದಲ್ಲಿ ದೃಢೀಕರಣಕ್ಕೆ ಮುಂಚೆಯೇ ತಿದ್ದಿಸಿಕೊಳ್ಳಿ.
3. ಮೂಲ ಪತ್ರಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಮುದ್ರೆ ಒತ್ತಲು ಅಡ್ಡಿಯಾಗುತ್ತದೆ.
4. ಮಧ್ಯವರ್ತಿಗಳಿಗೆ ಮೂಲ ಪತ್ರ ಒಪ್ಪಿಸುವ ಮುನ್ನ ನಕಲುಗಳನ್ನು ಇಟ್ಟುಕೊಳ್ಳಿ.

ಜನನ ಮತ್ತು ವಿವಾಹಗಳ ನೋಂದಣಿಯನ್ನು ಕಾಲಕಾಲಕ್ಕೆ ಮಾಡಿಸಿಕೊಂಡ ಕುಟುಂಬಕ್ಕೆ ವೀಸಾ ಅರ್ಜಿಯ ಸಮಯದಲ್ಲಿ ಉಳಿಯುವುದು ದೃಢೀಕರಣದ ಕೆಲಸ ಮಾತ್ರ. ಇದುವರೆಗೆ ಮಾಡಿಸಿಕೊಳ್ಳದವರು ಪ್ರಯಾಣದ ದಿನಾಂಕ ನಿಗದಿಯಾಗುವವರೆಗೆ ಕಾಯದೆ ಇಂದೇ ನೋಂದಣಿ ಕಚೇರಿಯನ್ನು ಸಂಪರ್ಕಿಸುವುದು ಒಳಿತು.