ಜಿರಾಫೆಯ ಚರ್ಮ: ಕಾಪಾಡಿದ್ದೇ ಕುತ್ತಾದ ಕಥೆ



ಕಳೆದ ರಜೆಯಲ್ಲಿ ಊರಿಗೆ ಹೋದಾಗ ಮಗಳನ್ನ ಮೈಸೂರು ಮೃಗಾಲಯಕ್ಕೆ ಕರ್ಕೊಂಡು ಹೋಗಿದ್ದೆ. ಜಿರಾಫೆ ಮುಂದೆ ನಿಂತು ಕೇಳಿದಳು, "ಅಪ್ಪಾ, ಇದು ಕಾಡಲ್ಲಿ ಮುಳ್ಳಿನ ಮರ ತಿನ್ನುತ್ತಂತಲ್ಲ, ಚುಚ್ಚಲ್ವಾ?" ಅದರ ಚರ್ಮ ತುಂಬಾ ದಪ್ಪ ಪುಟ್ಟಾ ಅಂದೆ. "ಹಾಗಾದ್ರೆ ಅದಕ್ಕೆ ಯಾರೂ ಏನೂ ಮಾಡಕ್ಕಾಗಲ್ಲ ಅಲ್ವಾ?" ಅಂದಳು. ನಾನು ಹೂಂ ಅಂದುಬಿಟ್ಟೆ.

ಪುಣೆಗೆ ವಾಪಸ್ ಬಂದು ಓದೋಕೆ ಕೂತಾಗ ಗೊತ್ತಾಯ್ತು, ನಾನು ಹೇಳಿದ ಉತ್ತರ ಪೂರ್ತಿ ತಪ್ಪು ಅಂತ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ದಪ್ಪದ ವಿಷಯ ನೋಡೋಣ. ನೀವು ಸೊಂಟಕ್ಕೆ ಕಟ್ಟೋ ಬೆಲ್ಟ್ ಸುಮಾರು ಮೂರು-ನಾಲ್ಕು ಮಿಲಿಮೀಟರ್ ಇರುತ್ತೆ. ಜಿರಾಫೆಯ ಚರ್ಮ ಕೆಲವು ಕಡೆ 20 ಮಿಲಿಮೀಟರ್‌ವರೆಗೂ ಇರುತ್ತೆ. ಅಂದ್ರೆ ಎರಡು ಸೆಂಟಿಮೀಟರ್! ಮೈಯೆಲ್ಲಾ ಒಂದೇ ಸಮ ಅಲ್ಲ. ಮುಖದ ಹತ್ತಿರ ತೆಳು, ಎದೆ-ಭುಜದ ಕಡೆ ದಪ್ಪ. ಅಕೇಶಿಯಾ ಮುಳ್ಳು, ಗಂಡು ಜಿರಾಫೆಗಳು ಕತ್ತು ಬೀಸಿ ಒಂದಕ್ಕೊಂದು ಕೊಡೋ ಹೊಡೆತ, ಇವನ್ನೆಲ್ಲ ತಡೀಬೇಕಲ್ಲ. ಕೆಳಗಾಲಿನ ಚರ್ಮಕ್ಕೆ ಇನ್ನೊಂದು ಕೆಲಸ ಇದೆ. ಅಷ್ಟೆತ್ತರದ ತಲೆಗೆ ರಕ್ತ ಏರಿಸಬೇಕು ಅಂದ್ರೆ ರಕ್ತದೊತ್ತಡ ನಮ್ಮ ಎರಡರಷ್ಟು ಬೇಕು. ಆ ಒತ್ತಡದಲ್ಲಿ ಕಾಲಿಗೆ ರಕ್ತ ತುಂಬಿ ಊದಿಕೊಳ್ಳದ ಹಾಗೆ ಬಿಗಿಯಾದ ಚರ್ಮ ಹಿಡಿದಿಡುತ್ತೆ. ವೆರಿಕೋಸ್ ವೇನ್ಸ್ ಇರೋರಿಗೆ ಡಾಕ್ಟರು ಬಿಗಿ ಕಾಲುಚೀಲ ಹಾಕ್ಕೊಳ್ಳಿ ಅಂತಾರಲ್ಲ, ಅದೇ ತತ್ವ.

ಒಟ್ಟಿನಲ್ಲಿ ಒಳ್ಳೆ ಡಿಸೈನ್. ಆದರೆ ಈ ಡಿಸೈನ್ ಮಾಡುವಾಗ ಮನುಷ್ಯ ಲೆಕ್ಕದಲ್ಲಿ ಇರಲಿಲ್ಲ.

ಕಾಲಹಾರಿಯ ಸಾನ್ ಜನರ ಬಿಲ್ಲು ಚಿಕ್ಕದು, ಬಾಣ ಹಗುರ. ಅದರ ಪೆಟ್ಟಿಗೆ ಜಿರಾಫೆ ಬೀಳಲ್ಲ. ಅವರು ಒಂದು ಜಾತಿಯ ದುಂಬಿಯ ಮರಿಹುಳುವಿನಿಂದ ವಿಷ ತೆಗೆದು ಬಾಣಕ್ಕೆ ಹಚ್ತಾರೆ. ಚೂಪಾದ ತುದಿಗೆ ಅಲ್ಲ, ಅದರ ಹಿಂದಿನ ಭಾಗಕ್ಕೆ, ತಮಗೇ ಗೀರಿಬಿಡಬಾರದು ಅಂತ. ನಮ್ಮ ಭಾಷೇಲಿ ಹೇಳೋದಾದ್ರೆ, ಅವರು ಫೈರ್‌ವಾಲ್ ಒಡೆಯಲ್ಲ, ಒಂದು ಸಣ್ಣ ತೂತು ಸಿಕ್ಕರೆ ಸಾಕು. ವಿಷ ನಿಧಾನ. ದೊಡ್ಡ ಪ್ರಾಣಿಯಾದರೆ ದಿನಗಟ್ಟಲೆ ಹೆಜ್ಜೆ ಹಿಡಿದು ಹಿಂದೆ ನಡೀಬೇಕು. ಜಾನ್ ಮಾರ್ಷಲ್ 1957ರಲ್ಲಿ ತಂದ 'ದಿ ಹಂಟರ್ಸ್' ಅನ್ನೋ ಸಾಕ್ಷ್ಯಚಿತ್ರದ ಕಥೆ ಇದೇ: ನಾಲ್ಕು ಜನ, ಒಂದು ಜಿರಾಫೆ. (ಬೇರೆ ಬೇರೆ ಬೇಟೆಗಳ ಚಿತ್ರಣ ಜೋಡಿಸಿ ಒಂದು ಕಥೆ ಮಾಡಿದ್ದು ಅದು, ನೋಡುವಾಗ ನೆನಪಿರಲಿ.) ಪ್ರಾಣಿ ಬಿದ್ದ ಮೇಲೆ ಮಾಂಸ ಹಂಚೋ ಹಕ್ಕು ಬಾಣ ಯಾರದೋ ಅವರದು, ಹೊಡೆದವನದಲ್ಲ. ಚರ್ಮ ಚಪ್ಪಲಿಗೆ, ನರ ಹಗ್ಗಕ್ಕೆ. ವ್ಯರ್ಥ ಅನ್ನೋದೇ ಕಡಿಮೆ.

ಸುಡಾನ್ ಕಡೆ ರೀತಿ ಬೇರೆ. ಹಮ್ರಾನ್ ಅರಬರು ಕುದುರೆ ಮೇಲೆ ಬೆನ್ನಟ್ಟಿ, ಕತ್ತಿಯಿಂದ ದೊಡ್ಡ ಪ್ರಾಣಿಗಳ ಹಿಂಗಾಲಿನ ನರ ಕತ್ತರಿಸ್ತಿದ್ರು. ಆ ಸೀಮೆಯಲ್ಲಿ ಜಿರಾಫೆ ಚರ್ಮ ಅಂದ್ರೆ ಗುರಾಣಿ. ಗಟ್ಟಿ, ಆದರೂ ಕೈಗೆ ಹಗುರ. ತನ್ನನ್ನು ಕಾಪಾಡೋಕೆ ಬೆಳೆಸಿಕೊಂಡಿದ್ದನ್ನೇ ಮನುಷ್ಯ ಸುಲಿದು ತನ್ನ ಮುಂದೆ ಹಿಡ್ಕೊಂಡ.

ಈಗ ನಾನಿರೋ ಪುಣೆಗೆ ಸಂಬಂಧ ಇರೋ ಕಥೆ. ವಿಲಿಯಂ ಕಾರ್ನ್‌ವಾಲಿಸ್ ಹ್ಯಾರಿಸ್ ಅಂತ ಒಬ್ಬ, ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಎಂಜಿನಿಯರ್ಸ್ ಪಡೆಯ ಅಧಿಕಾರಿ. ಆರೋಗ್ಯ ಕೆಟ್ಟಿದೆ ಅಂತ ರಜೆ ಹಾಕಿ ದಕ್ಷಿಣ ಆಫ್ರಿಕಾಕ್ಕೆ ಹೋದ, ಅಲ್ಲಿ 1836-37ರಲ್ಲಿ ಬೇಟೆಗೆ ಇಳಿದ. ಸಿಕ್ ಲೀವ್‌ನಲ್ಲಿ ಬೇಟೆ, ನೋಡಿ! ಮೊದಲ ಜಿರಾಫೆ ಬೀಳಿಸಿದ್ದನ್ನ ಅವನೇ ವಿವರವಾಗಿ ಬರೆದಿದ್ದಾನೆ. ಒಂದೊಂದು ಗುಂಡಿಗೂ ಮತ್ತೆ ಮದ್ದು ತುಂಬಬೇಕಾದ ಬಂದೂಕು ಅದು. ಪ್ರಾಣಿ ಸುಮ್ಮನೆ ನಿಂತಿದೆ, ಕಣ್ಣಲ್ಲಿ ನೀರು ಇಳೀತಿದೆ, ಇವನು ಹೊಡೀತಾನೇ ಇದ್ದಾನೆ. ಬಿದ್ದಿದ್ದು 17ನೇ ಗುಂಡಿಗೆ. ಆ ಪುಸ್ತಕದ ಮೊದಲ ಮುದ್ರಣ ಆಗಿದ್ದು 1838ರಲ್ಲಿ, ನಮ್ಮ ಬಾಂಬೆಯಲ್ಲೇ. ಹ್ಯಾರಿಸ್ 1848ರಲ್ಲಿ ತೀರಿಕೊಂಡಿದ್ದು ಪುಣೆ ಹತ್ತಿರ.

ಆ 17 ಅನ್ನೋ ಸಂಖ್ಯೆ ನನ್ನ ತಲೇಲಿ ಕೂತುಬಿಟ್ಟಿದೆ. ದಪ್ಪ ಚರ್ಮ ಗುಂಡಿನಿಂದ ಕಾಪಾಡಲಿಲ್ಲ. ದೊಡ್ಡ ಮೈ, ದಪ್ಪ ಚರ್ಮ ಎರಡೂ ಸೇರಿ ಸಾವನ್ನ ಉದ್ದ ಮಾಡಿದವು, ಅಷ್ಟೇ.

ಹ್ಯಾರಿಸ್‌ಗೆ ಬೇಟೆ ಮೋಜು. ಅವನ ನಂತರ ಬಂದಿದ್ದು ವ್ಯಾಪಾರ, ಅದು ಇನ್ನೂ ದೊಡ್ಡ ಪೆಟ್ಟು. ದಕ್ಷಿಣ ಆಫ್ರಿಕಾದಲ್ಲಿ ಎತ್ತಿನ ಗಾಡಿ ಹೊಡೆಯೋಕೆ ಚಾಟಿ ಬೇಕು. ಅಲ್ಲಿ ಅದಕ್ಕೆ 'ಸ್ಯಾಂಬಾಕ್' ಅಂತಾರೆ. ನಾವು ಚಬುಕು ಅಂತೀವಲ್ಲ, ಅದೇ ಪದ! ಪರ್ಷಿಯನ್ ಮೂಲದ 'ಚಾಬುಕ್' ಮಲಯ ಭಾಷೆಗೆ ಹೋಗಿ, ಅಲ್ಲಿಂದ ಡಚ್ಚರ ಜೊತೆ ಆಫ್ರಿಕಾ ಸೇರಿದ್ದು. ಹಸಿ ಚರ್ಮವನ್ನ ಉದ್ದ ಪಟ್ಟಿಯಾಗಿ ಕತ್ತರಿಸಿ, ತೂಕ ಕಟ್ಟಿ ನೇತುಹಾಕಿ ಒಣಗಿಸಿ, ತುದಿ ಸಣ್ಣಗಾಗೋ ಹಾಗೆ ಹೆರೀತಾರೆ. ಚರ್ಮ ದಪ್ಪ ಇದ್ದಷ್ಟೂ ಚಾಟಿ ಚೆನ್ನ. ಹಾಗಾಗಿ ಮೊದಲು ಬೇಡಿಕೆ ಇದ್ದಿದ್ದು ಘೇಂಡಾಮೃಗ, ನೀರುಕುದುರೆ ಚರ್ಮಕ್ಕೆ. ಗುಂಡು ಹಾರಿಸಿ ಹಾರಿಸಿ ಅವು ಕಮ್ಮಿ ಆದವು. ಬೇಡಿಕೆ ಕಮ್ಮಿ ಆಗಲಿಲ್ಲ. ಆಗ ಪಟ್ಟಿಯಲ್ಲಿ ಮುಂದಿನ ಹೆಸರು ಯಾವುದು? ಜಿರಾಫೆ.

ನನ್ನ ಪ್ರಕಾರ ಇಡೀ ಕಥೆಯ ತಿರುಳು ಇಲ್ಲಿದೆ. ಸಾನ್ ಬೇಟೆಗಾರನ ಹಸಿವಿಗೆ ಒಂದು ಮಿತಿ ಇತ್ತು. ಒಂದು ಜಿರಾಫೆ ಬಿದ್ದರೆ ಊರೆಲ್ಲ ಉಂಡು ಸುಮ್ಮನಾಗ್ತಿತ್ತು. ಮಾರುಕಟ್ಟೆಗೆ ಹೊಟ್ಟೆ ತುಂಬಲ್ಲ. ಒಂದು ಸರಕು ಮುಗಿದರೆ ಅದು ನಿಲ್ಲಲ್ಲ, ಬದಲಿ ಹುಡುಕುತ್ತೆ.

ಇವತ್ತು ಚಾಟಿ ವ್ಯಾಪಾರ ಇಲ್ಲ. ಈಗಿನ ದೊಡ್ಡ ಕಾರಣಗಳು ಕಾಡು ಹೊಲವಾಗಿದ್ದು, ಅಂತರ್ಯುದ್ಧಗಳು, ಮಾಂಸಕ್ಕಾಗಿ ಕಳ್ಳಬೇಟೆ. 1985ರಲ್ಲಿ ಒಂದೂವರೆ ಲಕ್ಷ ದಾಟಿದ್ದ ಜಿರಾಫೆಗಳು 2015ಕ್ಕೆ ಒಂದು ಲಕ್ಷಕ್ಕಿಂತ ಕೆಳಗೆ ಬಂದಿವೆ ಅಂತ ಐಯುಸಿಎನ್ 2016ರಲ್ಲಿ ಹೇಳಿತು. ಆದರೆ ಚರ್ಮದ ಆಸೆ ಪೂರ್ತಿ ಹೋಗಿಲ್ಲ. 2006ರಿಂದ 2015ರವರೆಗೆ ಅಮೆರಿಕಕ್ಕೆ ಬಂದ ಜಿರಾಫೆ ಮೂಲದ ವಸ್ತುಗಳು 39,516. ಇದು ವಸ್ತುಗಳ ಲೆಕ್ಕ, ಪ್ರಾಣಿಗಳದ್ದಲ್ಲ. ಮೂಳೆಯ ಕೆತ್ತನೆಗಳೇ ಹೆಚ್ಚು, ಜೊತೆಗೆ ಸಾವಿರಾರು ಚರ್ಮದ ತುಂಡುಗಳು. ಬೂಟು, ದಿಂಬಿನ ಹೊದಿಕೆ ಮಾಡೋಕೆ!

2019ರಲ್ಲಿ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಜಿರಾಫೆ ಸೇರಿತು. ಇದು ನಿಷೇಧ ಅಲ್ಲ. ಗಡಿ ದಾಟೋ ಪ್ರತಿ ತುಂಡಿಗೂ ಪರವಾನಗಿ ಬೇಕು, ಲೆಕ್ಕ ಇರಬೇಕು ಅಷ್ಟೇ. ಇಷ್ಟೇನಾ ಅನ್ನಿಸಬಹುದು. ಆದರೆ ನಮ್ಮ ಕೆಲಸದಲ್ಲಿ ಇರೋರಿಗೆ ಗೊತ್ತು, ಲಾಗ್ ಇಲ್ಲದೆ ಬಗ್ ಹುಡುಕೋಕೆ ಆಗಲ್ಲ.

ಹಾಗಂತ ಚರ್ಮ ಬಳಸೋದೇ ತಪ್ಪು ಅಂತ ನಾನು ಹೇಳೋ ಹಾಗಿಲ್ಲ. ನನ್ನ ಕಾಲಲ್ಲಿ ಇರೋದು ಅಥಣಿಯ ಚಪ್ಪಲಿ. ಚರ್ಮದ ಕೆಲಸ ಒಂದು ವಿದ್ಯೆ, ಅದನ್ನೇ ನಂಬಿದ ಮನೆಗಳಿವೆ. ನಾನು ಕೇಳ್ತಿರೋದು ಇಷ್ಟೇ: ಎಷ್ಟಕ್ಕೆ ಸಾಕು ಅಂತ ಯಾರು ಹೇಳ್ತಾರೆ?

ಮೊನ್ನೆ ರಾತ್ರಿ ಮಗಳಿಗೆ, ಅವತ್ತು ನಾನು ತಪ್ಪು ಹೇಳಿದೆ ಪುಟ್ಟಾ, ಅದರ ಚರ್ಮ ಮುಳ್ಳಿಗೆ ಮಾತ್ರ ದಪ್ಪ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೈಸೂರಿನ ಜಿರಾಫೆಗೆ ಏನೂ ಆಗಲ್ಲ ತಾನೇ?" ಅಂದಳು. ಅದಕ್ಕೇನೂ ಆಗಲ್ಲ ಅಂದೆ. ಈ ಸಲ ಆ ಉತ್ತರದಲ್ಲಿ ನನಗೆ ಧೈರ್ಯ ಇತ್ತು.