ಗುಡ್ಡದ ಮರೆಯಲ್ಲಿ ಟಿವಿ: ಅಡಿಕೆ ಮರದ ಆಂಟೆನಾದಿಂದ ಮೊಬೈಲ್‌ವರೆಗೆ

2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ. ಚಂದ್ರಯಾನ-3 ಚಂದ್ರನ ಮೇಲೆ ಇಳೀತಲ್ಲ, ಆಗ ನೀವು ಎಲ್ಲಿದ್ರಿ? ಇಸ್ರೋದ ಯೂಟ್ಯೂಬ್ ಚಾನೆಲ್ ಒಂದರಲ್ಲೇ ಆ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಸ್ಕ್ರೀನ್‌ಗಳು ಅದನ್ನ ನೋಡ್ತಿದ್ವು. ಬೆಂಗಳೂರಲ್ಲಿ ಇದ್ದವರು ಬಸ್ಸಲ್ಲಿ ಅಂತಾರೆ, ಹಾಸ್ಟೆಲಲ್ಲಿ ಅಂತಾರೆ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಸುತ್ತಮುತ್ತ ಅದೇ ಪ್ರಶ್ನೆನ ಸ್ವಲ್ಪ ಬೇರೆ ಥರ ಕೇಳಬೇಕು: ಯಾವ ತಿರುವಲ್ಲಿ ನಿಂತಿದ್ರಿ? ಯಾಕಂದ್ರೆ ಇಲ್ಲಿ ಎಷ್ಟೋ ಮನೆಯೊಳಗೆ ನೆಟ್‌ವರ್ಕ್ ಬರೋದು ಖಾತ್ರಿ ಇಲ್ಲ.

ಟಿವಿ ತಂತ್ರಜ್ಞಾನ ಬೆಳೀತು, ಚಿತ್ರ ಚೆನ್ನಾಯ್ತು. ಇಷ್ಟೇ ಕಥೆ ಅಂತ ನಾವು ಅಂದ್ಕೊಳ್ತೀವಿ. ನನಗೆ ಹಾಗೆ ಅನ್ಸಲ್ಲ. ಪ್ರತಿ ಸಲ ತಂತ್ರಜ್ಞಾನ ಬದಲಾದಾಗ, ಯಾರು ಯಾರ ಜೊತೆ ಕೂತು ನೋಡ್ತಾರೆ, ಯಾರಿಗೆ ಕಾಣಿಸೋದೇ ಇಲ್ಲ ಅನ್ನೋದೂ ಬದಲಾಯ್ತು. ಮಲೆನಾಡಲ್ಲಿ ಇದನ್ನ ಹೆಚ್ಚಾಗಿ ತೀರ್ಮಾನ ಮಾಡಿದ್ದು ಗುಡ್ಡ.

ಮೊದಲು ಒಂದು ಸಣ್ಣ ವಿಷಯ. ಕರ್ನಾಟಕದ ಹಳ್ಳಿಗಳಿಗೆ ಟಿವಿ ಮೊದಲು ಬಂದದ್ದು ಬೆಂಗಳೂರಿಂದ ಅಲ್ಲ, ಆಕಾಶದಿಂದ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದ್ರು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ಸಿಕ್ಕಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿಗೆ. ಊರಿಗೆ ಒಂದೇ ಟಿವಿ, ಊರೆಲ್ಲ ಅದರ ಮುಂದೆ. ಬೆಂಗಳೂರು ದೂರದರ್ಶನ ಶುರುವಾಗಿದ್ದು ಅದಾದ ಮೇಲೆ, 1981ರ ನವೆಂಬರ್ 1ಕ್ಕೆ. ಮರುವರ್ಷ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣವೂ ಬಂತು.

ಆಮೇಲೆ ದೇಶದ ತುಂಬ ಸಣ್ಣ ಸಣ್ಣ ಮರುಪ್ರಸಾರ ಟವರ್‌ಗಳು ಎದ್ವು. ಅವುಗಳ ಅಲೆ ಹೋಗೋದು ಹೆಚ್ಚುಕಮ್ಮಿ ನೇರ ಗೆರೆಯಲ್ಲಿ. ನಡುವೆ ಗುಡ್ಡ ಬಂದ್ರೆ ಅಲ್ಲಿಗೆ ಮುಗೀತು. ಕವಲೇದುರ್ಗದ ಕೋಟೆ ಹತ್ತಿದವರಿಗೆ ಇದನ್ನ ವಿವರಿಸೋದೇ ಬೇಡ. ಮೇಲೆ ನಿಂತ್ರೆ ಎಷ್ಟು ದೂರ ಬೇಕಾದ್ರೂ ಕಾಣುತ್ತೆ, ಕೆಳಗೆ ತೋಟದ ಮನೆಯಲ್ಲಿ ನಿಂತ್ರೆ ಎದುರಿನ ಕಾಡು ಬಿಟ್ಟು ಬೇರೇನೂ ಕಾಣಲ್ಲ. ನಮ್ಮ ಮನೆಗಳಿರೋದು ಕೆಳಗೆ, ನೀರಿರೋ ಕಡೆ.

ಹಾಗಾಗಿ ಆಂಟೆನಾ ಅಡಿಕೆ ಮರ ಹತ್ತಿತು. ಮರ ಇಲ್ಲದ ಕಡೆ ಬಿದಿರಿನ ಗಳ. ಒಬ್ಬ ಅಂಗಳದಲ್ಲಿ ಗಳ ತಿರುಗಿಸೋನು, ಒಬ್ಬ ಬಾಗಿಲಲ್ಲಿ ನಿಂತು ಕೂಗೋನು, ಒಳಗೆ ಟಿವಿ ಮುಂದೆ ಇನ್ನೊಬ್ಬ. "ಬಂತೇನೋ?" "ಬಂತು, ಬಂತು... ಹೋಯ್ತು ಮಾರಾಯ!" ನಮ್ಮನೆ ಹಿರಿಯರು ಈ ಸಂಭಾಷಣೆನ ಈಗಲೂ ನಾಟಕದ ಥರ ಮಾಡಿ ತೋರಿಸ್ತಾರೆ. ತಮಾಷೆ ಅಂದ್ರೆ, 'ಮಾಲ್ಗುಡಿ ಡೇಸ್' ಅನ್ನ ಶಂಕರ್‌ನಾಗ್ ಚಿತ್ರೀಕರಿಸಿದ್ದು ಇದೇ ತಾಲ್ಲೂಕಿನ ಆಗುಂಬೆಯಲ್ಲಿ. ನಮ್ಮದೇ ಬೀದಿ, ನಮ್ಮದೇ ಮಳೆ, ದೆಹಲಿಗೆ ಹೋಗಿ ವಾಪಸ್ ಬರೋವಾಗ ಗುಡ್ಡಕ್ಕೆ ಸಿಕ್ಕಿಹಾಕ್ಕೊಳ್ಳೋದು!

ಸಿಗ್ನಲ್ ಸಿಕ್ಕ ಮನೆ ಅಂದ್ರೆ ಊರಿನ ಮನೆ. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾದಾಗ ಜಗಲಿ ತುಂಬ ಜನ. ಕರೆಂಟ್ ಹೋದ್ರೆ ವಾಹನದ ಬ್ಯಾಟರಿಗೆ ಕಪ್ಪು-ಬಿಳುಪು ಟಿವಿ ಜೋಡಿಸೋರು. ಇದನ್ನ ಬರೀ ಸವಿನೆನಪು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಯಾರು ಜಗಲಿ ಮೇಲೆ ಕೂರ್ತಾರೆ, ಯಾರು ಅಂಗಳದಲ್ಲೇ ನಿಂತು ಕಿಟಕಿಯಿಂದ ನೋಡ್ತಾರೆ ಅನ್ನೋದಕ್ಕೆ ಜಾತಿಯ ಲೆಕ್ಕವೂ ಇತ್ತು. ಒಟ್ಟಿಗೆ ನೋಡಿದ್ರು ಅಂದ್ರೆ ಸಮಾನವಾಗಿ ನೋಡಿದ್ರು ಅಂತ ಅಲ್ಲ.

ಇದನ್ನ ಒಡೆದದ್ದು ಡಿಶ್. ಪೇಟೆಯಲ್ಲಿ ಕೇಬಲ್ ಬಂತು, ಆದ್ರೆ ನಮ್ಮಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಹಳ್ಳ, ಕಾಡು. ನಾಲ್ಕು ಮನೆಗೋಸ್ಕರ ಅಷ್ಟು ದೂರ ತಂತಿ ಯಾರು ಎಳೀತಾರೆ? ಡಿಶ್‌ಗೆ ಪಕ್ಕದ ಮನೆ ಬೇಕಿಲ್ಲ, ಆಕಾಶ ಸಾಕು. ಉಪಗ್ರಹ ಇರೋದು ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಹೆಚ್ಚಿನ ಡಿಟಿಎಚ್ ಉಪಗ್ರಹಗಳು ನಮ್ಮ ಊರಿಂದ ನೋಡಿದ್ರೆ ಆಗ್ನೇಯ ದಿಕ್ಕಲ್ಲಿ, ನೆಲದಿಂದ 60 ಡಿಗ್ರಿಗೂ ಮೇಲೆ ಇರ್ತವೆ. ಅಷ್ಟು ಎತ್ತರದ ನೋಟಕ್ಕೆ ಗುಡ್ಡ ಅಡ್ಡ ಬರೋದು ಅಪರೂಪ. 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಉಚಿತ ಡಿಟಿಎಚ್ ಬಂತು, ಈಗ ಅದಕ್ಕೆ ಡಿಡಿ ಫ್ರೀ ಡಿಶ್ ಅಂತಾರೆ. ತಿಂಗಳ ಬಾಡಿಗೆ ಇಲ್ಲ. ಅಂಗಳದಲ್ಲಿ ನಿಂತು ನೋಡ್ತಿದ್ದವರ ಮನೆ ಮೇಲೂ ಈಗ ಸ್ವಂತ ಡಿಶ್! ಜಗಲಿ ಖಾಲಿ ಆಯ್ತು. ನನ್ನ ಮಟ್ಟಿಗೆ ಅದು ಒಳ್ಳೇದೇ ಆಯ್ತು.

ಮಳೆಗಾಲದಲ್ಲಿ ಮಾತ್ರ ಕಷ್ಟ. ಡಿಟಿಎಚ್ ಬಳಸೋ ಅಲೆಯ ಉದ್ದ ಮೂರು ಸೆಂಟಿಮೀಟರ್‌ಗೂ ಕಮ್ಮಿ, ದಪ್ಪ ಹನಿಯ ಮಳೆ ಅದನ್ನ ಹೀರ್ಕೊಳ್ಳುತ್ತೆ. ಪಂದ್ಯದ ಕೊನೇ ಓವರ್‌ಗೆ ಸರಿಯಾಗಿ 'ನೋ ಸಿಗ್ನಲ್'. ಹಳೇ ಕಾಲದ ಎಂಟು-ಹತ್ತಡಿ ಜಾಲರಿ ಡಿಶ್‌ಗಳ ಅಲೆ ಉದ್ದ, ಅವು ಮಳೆಗೆ ಇಷ್ಟು ಹೆದರ್ತಿರಲಿಲ್ಲ.

ಈಗ ಮೊಬೈಲ್. ಇಲ್ಲಿ ಒಂದು ಮುಖ್ಯ ವ್ಯತ್ಯಾಸ ಇದೆ, ದಯವಿಟ್ಟು ಗಮನ ಕೊಡಿ. ಉಪಗ್ರಹದ ಪ್ರಸಾರ ಮಳೆ ಇದ್ದ ಹಾಗೆ. ಒಬ್ಬ ಕೊಡ ಇಟ್ರೂ ಅಷ್ಟೇ, ಸಾವಿರ ಜನ ಇಟ್ರೂ ಅಷ್ಟೇ, ಯಾರಿಗೂ ಕಮ್ಮಿ ಆಗಲ್ಲ. ಮೊಬೈಲಲ್ಲಿ ನೋಡೋ ಲೈವ್ ಪೈಪಿನ ನೀರು. ಪ್ರತಿ ಫೋನಿಗೂ ಬೇರೆ ಬೇರೆ ಹರಿವು ಬೇಕು, ಟವರ್‌ನ ಅಷ್ಟೂ ಸಾಮರ್ಥ್ಯ ಹಂಚಿ ಹೋಗುತ್ತೆ. ಹೋಳಿಗೊಂದು ಟವರ್ ಇರೋ ನಗರದಲ್ಲಿ ನಡೆಯುತ್ತೆ. ಗುಡ್ಡದಾಚೆ ಒಂದೇ ಟವರ್ ಇರೋ ಕಡೆ, ಪಂದ್ಯ ಬಿಸಿಯಾದಷ್ಟೂ ಚಕ್ರ ಸುತ್ತುತ್ತೆ. ಅದೂ ಅಲ್ಲದೆ ವಿಡಿಯೊವನ್ನ ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸೋದ್ರಿಂದ ಅದು ತಡ ಬೇರೆ. ಡಿಶ್ ಇರೋ ಮನೆಯಲ್ಲಿ "ಔಟ್!" ಅಂತ ಕೂಗಿದ್ದು ತೋಟ ದಾಟಿ ಕೇಳುತ್ತೆ, ರಸ್ತೆ ತಿರುವಲ್ಲಿ ಫೋನ್ ಹಿಡಿದವನಿಗೆ ಬೌಲರ್ ಇನ್ನೂ ಓಡಿ ಬರ್ತಿರ್ತಾನೆ.

ಆ ತಿರುವಲ್ಲಿ ಈಗ ಮತ್ತೆ ಜನ ಸೇರ್ತಾರೆ, ಗಮನಿಸಿದೀರಾ? ಜಗಲಿ ಥರಾನೇ, ಆದ್ರೆ ಒಬ್ಬೊಬ್ಬರ ಕೈಲೂ ಬೇರೆ ಸ್ಕ್ರೀನ್. ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿದ್ದನ್ನ ನೀವು ಓದಿರ್ತೀರಿ. ಸಾಗರ, ಹೊಸನಗರ ಕಡೆ ಹಳ್ಳಿಗರು 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಬೋರ್ಡ್ ಹಾಕಿದ್ದೂ ಅದೇ ಸಿಟ್ಟಿಗೆ.

"ಟಿವಿ ಸತ್ತೋಯ್ತು, ಎಲ್ಲಾ ಫೋನಲ್ಲೇ" ಅನ್ನೋ ಮಾತು ನನಗೆ ಹಿಡಿಸದೇ ಇರೋದು ಇದಕ್ಕೇ. 2007ರ ಕಾನೂನಿನ ಪ್ರಕಾರ ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನ ಖಾಸಗಿ ವಾಹಿನಿ ಪ್ರಸಾರ ಭಾರತಿ ಜೊತೆ ಹಂಚ್ಕೊಳ್ಳಲೇಬೇಕು. ಅದನ್ನ ದೂರದರ್ಶನ ತನ್ನ ಟವರ್ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹಳೇ ಅನಲಾಗ್ ಟವರ್‌ಗಳು ಬಹುತೇಕ ಬಂದ್ ಆಗಿವೆ. ಅಂದ್ರೆ ಕಣಿವೆಯ ಮನೆಗೆ ದುಡ್ಡು ಕೊಡದೆ ಪಂದ್ಯ ನೋಡೋ ಹಕ್ಕು ಉಳಿದಿರೋದು ಆ ಡಿಶ್‌ನಲ್ಲೇ.

ಇಂಟರ್ನೆಟ್ ಇಲ್ಲದೆ ನೇರ ಮೊಬೈಲಿಗೇ ಟಿವಿ ಪ್ರಸಾರ ಮಾಡೋ ತಂತ್ರಜ್ಞಾನದ ಪ್ರಯೋಗ ಬೆಂಗಳೂರಲ್ಲಿ ನಡೆದಿದೆ. ಪೈಪ್ ಬಿಟ್ಟು ಮತ್ತೆ ಮಳೆ. ಆದ್ರೆ ಅದು ಬರೋದು ಉಪಗ್ರಹದಿಂದ ಅಲ್ಲ, ನೆಲದ ಮೇಲಿನ ಟವರ್‌ನಿಂದ. ಆ ಟವರನ್ನ ಇಲ್ಲಿ ಯಾವ ಗುಡ್ಡದ ಮೇಲೆ ನಿಲ್ಲಿಸ್ತೀರಿ ಅಂತ ಕವಲೇದುರ್ಗದವರು ಈಗಲೇ ಕೇಳಿಟ್ಟುಕೊಳ್ಳೋದು ಒಳ್ಳೇದು.